ಹದಿನಾಲ್ಕನೆಯ ವರ್ಗದ ನೋವು

ನಮ್ಮ ಊರಿನಲ್ಲಿ ನೋವು ಹೊರುವವರು ಹೊಳೆದಂಡೆಯ ಹಳೆಯ ಉಪ್ಪಿನ ಉಗ್ರಾಣದ ಮೆಟ್ಟಿಲುಗಳ ಮೇಲೆ ಕುಳಿತಿರುತ್ತಿದ್ದರು. ಎಳೆಬಿಸಿಲು ಮೂರನೆಯ ಮೆಟ್ಟಿಲನ್ನು ಮುಟ್ಟುವ ಹೊತ್ತಿಗೆ ಅವರ ಕೂಗು ಶುರುವಾಗುತ್ತಿತ್ತು: "ಹಲ್ಲುನೋವು, ತಲೆನೋವು, ಸೊಂಟ ಹಿಡ್ಕೊಂಡಿರೋದು! ಬನ್ನಿ ಅಣ್ಣಾ, ಕೊಟ್ಟು ಹಗುರಾಗಿ ಹೋಗಿ!" ಬೆಲೆ ಕುದುರಿದ ಮೇಲೆ ಹೊರುವವನು ಕೊಡುವವನ ಮಣಿಕಟ್ಟನ್ನು ಹಿಡಿದು "ಕೊಡಿ" ಎನ್ನುತ್ತಿದ್ದ; ಕೊಡುವವನು "ತಗೊಳ್ಳಿ" ಎನ್ನುತ್ತಿದ್ದ. ಅಷ್ಟೇ. ನೋವು ಒಂದು ದಿನದ ಮಟ್ಟಿಗೆ ಮನೆ ಬದಲಾಯಿಸುತ್ತಿತ್ತು. ಮರುದಿನ ಅದೇ ಗಳಿಗೆಗೆ ತನ್ನ ಮೈಗೆ ತಾನು ಮರಳುತ್ತಿತ್ತು. ಆ ಒಂದು ದಿನದಲ್ಲಿ ಜನ ನಿದ್ದೆ ಮಾಡಿದರು, ಪರೀಕ್ಷೆ ಬರೆದರು, ಮಗಳನ್ನು ಧಾರೆಯೆರೆದು ಕೊಟ್ಟರು. ಡಾಕ್ಟರ ಔಷಧ ತನ್ನ ಪಾಡಿಗೆ ತನ್ನ ಕೆಲಸ ಮಾಡಿಕೊಂಡಿರುತ್ತಿತ್ತು. ನೋವು ಹೊತ್ತವರು ಮಣಿಕಟ್ಟಿಗೆ ಕೆಂಪು ದಾರ ಕಟ್ಟಿಕೊಳ್ಳುತ್ತಿದ್ದರು. ಅದನ್ನು ಕಂಡವರು ಅವರ ಬೆನ್ನು ತಟ್ಟುತ್ತಿರಲಿಲ್ಲ, ದೋಣಿಯಲ್ಲಿ ನಡುವಿನ ಹಲಗೆಯ ಮೇಲೆ ಜಾಗ ಬಿಡುತ್ತಿದ್ದರು.

ಇದಕ್ಕೆಲ್ಲ ಒಂದೇ ಒಂದು ಕಟ್ಟಳೆಯಿತ್ತು. ಅದನ್ನು ಯಾರೂ ಮಾಡಿದ್ದಲ್ಲ. ಬೆಲೆಯಿಲ್ಲದೆ ನೋವು ದಾಟುತ್ತಿರಲಿಲ್ಲ. ಒಪ್ಪಿದ ಬೆಲೆಯ ಬಗ್ಗೆ ಇಬ್ಬರಲ್ಲಿ ಒಬ್ಬರಿಗೆ ಒಳಗೊಳಗೇ ಅಸಮಾಧಾನವಿದ್ದರೂ, ದಾಟಿದ ನೋವು ದೋಣಿಗಟ್ಟೆ ತಲುಪುವಷ್ಟರಲ್ಲಿ ಹಿಂದಿರುಗುತ್ತಿತ್ತು. ಹೀಗಾಗಿ ನಮ್ಮವರು ಚೌಕಾಸಿಯನ್ನು ಸಂಗೀತದಂತೆ ಅಭ್ಯಾಸ ಮಾಡಿದ್ದರು. ಮದುವೆಯ ಮಾತುಕತೆ ಅರ್ಧ ಗಂಟೆಯಲ್ಲಿ ಮುಗಿದರೆ ಹಲ್ಲುನೋವಿನ ಮಾತುಕತೆಗೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಬೇರೆ ಊರಿನಿಂದ ಬಂದವರು ಮೆಟ್ಟಿಲುಗಳ ಬಳಿ ಯಾರೋ ಹೊಡೆದಾಡುತ್ತಿದ್ದಾರೆಂದು ತಿಳಿದು ಬಿಡಿಸಲು ಓಡಿಬಂದದ್ದೂ ಉಂಟು.

ನನ್ನ ಹೆಂಡತಿ ಅಂಬುಜೆಯ ಎಡಗೆನ್ನೆಯಲ್ಲಿ ಒಂಬತ್ತು ವರ್ಷಗಳಿಂದ ಒಂದು ಮಿಂಚು ವಾಸವಾಗಿತ್ತು. ತುತ್ತು ಅಗಿದರೆ, ಜೋರಾಗಿ ಒಂದು ಮಾತಾಡಿದರೆ, ಕಿಟಕಿಯಿಂದ ಒಂದೆಳೆ ಗಾಳಿ ಬಂದು ಕೆನ್ನೆ ಸವರಿದರೆ, ಅದು ಕಿವಿಯಿಂದ ದವಡೆಯವರೆಗೆ ಹೊಡೆಯುತ್ತಿತ್ತು. ಅವಳು ಕೂಗಿದವಳಲ್ಲ. ಸೆರಗನ್ನು ಕೆನ್ನೆಗೆ ಸುತ್ತಿಕೊಂಡು ಸುಮ್ಮನಾಗುತ್ತಿದ್ದಳು. ಹೇಳಬೇಕಾದದ್ದನ್ನು ಸ್ಲೇಟಿನ ಮೇಲೆ ಬರೆಯುತ್ತಿದ್ದಳು. ಬುಧವಾರ ಮಾತ್ರ ಅವಳು ಅವಳಾಗಿರುತ್ತಿದ್ದಳು, ಏಕೆಂದರೆ ಬುಧವಾರ ಬೆಳಿಗ್ಗೆ ಕೆಂಚಮ್ಮ ಬರುತ್ತಿದ್ದಳು.

ಕೆಂಚಮ್ಮ ಮೆಟ್ಟಿಲುಗಳ ಮೇಲಿನ ಹೊರುವವರಲ್ಲೆಲ್ಲ ಗಟ್ಟಿಗಿತ್ತಿ. ಹಿತ್ತಿಲ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಳೆಂದರೆ ಅವಳ ದನಿ ನಮ್ಮ ಬೀದಿಯ ಇಳಿಜಾರಿನ ಸೈಕಲ್ ಅಂಗಡಿಯವರೆಗೂ ಕೇಳಿಸುತ್ತಿತ್ತು.

"ಏಳು ರೂಪಾಯಿ ಅಮ್ಮಾರೇ. ಹೋದ ವಾರ ನಿಮ್ಮ ಮಿಂಚು ನನ್ನ ಕಣ್ಣಿನ ತನಕ ಹತ್ತಿತ್ತು."

ಸ್ಲೇಟಿನ ಮೇಲೆ ಬಳಪದ ಸದ್ದು.

"ಮೂರಾ? ಮೂರು ರೂಪಾಯಿಗೆ ಸೊಳ್ಳೆ ಕಚ್ಚಿದ ತುರಿಕೇನೂ ಬರಾಕಿಲ್ಲ! ನಿಮ್ಮೆಜಮಾನರು ಅಷ್ಟು ದೊಡ್ಡ ಲೈಬ್ರರಿಯಾಗಿದ್ದರಂತೆ, ಪೆನ್ಷನ್ನು ಎಲ್ಲಿ ಬಚ್ಚಿಡ್ತಾರೆ, ಪುಸ್ತಕದೊಳಗಾ?"

ಮತ್ತೆ ಬಳಪದ ಸದ್ದು. ಕೆಂಚಮ್ಮನ ನಗೆ. ಹೀಗೆ ಮುಕ್ಕಾಲು ಗಂಟೆ. ನಾನು ಮುಂದಿನ ಕೋಣೆಯಲ್ಲಿ ಕವಿತೆಯ ಪುಸ್ತಕವೊಂದನ್ನು ಎದೆಯ ಮೇಲೆ ಮಗುಚಿಟ್ಟುಕೊಂಡು ಕೊನೆಯ ಅಂಕಿಗೆ ಮಾತ್ರ ಕಿವಿಗೊಡುತ್ತಿದ್ದೆ. ಅದು ಯಾವಾಗಲೂ ನಾಲ್ಕು. ಉಳಿದದ್ದನ್ನು ಹೆಂಗಸರ ಹರಟೆಯೆಂದು ಬಗೆದು, ಮೇಜಿನ ಮೇಲೆ ನಾಲ್ಕು ರೂಪಾಯಿ ಇಟ್ಟು, ಚಪ್ಪಲಿ ಮೆಟ್ಟಿ ವಾಚನಾಲಯಕ್ಕೆ ಹೊರಟುಬಿಡುತ್ತಿದ್ದೆ. ಸಂಜೆ ಹಿಂದಿರುಗಿದಾಗ ಅಂಬುಜೆ ಸಾರಿಗೆ ಒಗ್ಗರಣೆ ಹಾಕುತ್ತ ಏನನ್ನೋ ಗುನುಗುತ್ತಿರುತ್ತಿದ್ದಳು. ಸುಖಕ್ಕೆ ಕಾರಣ ಕೇಳಬಾರದೆಂಬುದು ಆಗ ನನ್ನ ನಿಲುವಾಗಿತ್ತು.

ಆ ವರ್ಷ ಅಕ್ಕಿ ಗಿರಣಿಯ ಚನ್ನವೀರಪ್ಪನವರ ಬಲಗಾಲಿನ ಹೆಬ್ಬೆರಳು ಊದಿಕೊಂಡಿತು. ಅವರ ಮನೆಯಲ್ಲಿ ಸಾಲಾಗಿ ಸಮಾರಂಭಗಳು. ನೋವು ಅರೆಗಳಿಗೆಯೂ ಹಿಂದಿರುಗಬಾರದು. ಅವರು ಕೇಳಿದಷ್ಟು ಕೊಟ್ಟು ಹನ್ನೊಂದು ಜನ ಹೊರುವವರನ್ನು ಒಂದು ವಾರದ ಮಟ್ಟಿಗೆ ಪಾಳಿಯ ಮೇಲೆ ಗೊತ್ತುಮಾಡಿಕೊಂಡರು. ಉಳಿದ ನಾಲ್ಕೈದು ಮಂದಿಯ ಬೆಲೆ ತಾನಾಗಿಯೇ ಆಕಾಶಕ್ಕೇರಿತು. ಅದೇ ವಾರ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಮೌಲಾಸಾಬನ ಮುಂಗೈ ಮೇಲೆ ಕಾದ ಮರಳು ಬಿತ್ತು. ಅವನು ಬಾಳೆಲೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಮೂರು ದಿನ ಮೆಟ್ಟಿಲುಗಳ ಮೇಲೆ ಕುಳಿತ. ಬಂದವರೆಲ್ಲ ಬೆಲೆ ಹೇಳಿದರು, ಅವನು ತನ್ನಿಂದಾಗದೆಂದು ತಲೆಯಾಡಿಸಿದ. ಯಾರೂ ಕೆಟ್ಟವರಾಗಿರಲಿಲ್ಲ. ಇಬ್ಬರು ಕರಗಿ, ಪುಕ್ಕಟೆ ಹೊರುತ್ತೇವೆಂದು ಮಣಿಕಟ್ಟು ಹಿಡಿದೂ ನೋಡಿದರು. ನೋವು ಕದಲಲಿಲ್ಲ.

ನಾಲ್ಕನೆಯ ದಿನ ಪುರಸಭೆಯಲ್ಲಿ ಸಭೆ ಸೇರಿತು. ಅಧ್ಯಕ್ಷರು ಡಾಕ್ಟರ್ ಪದ್ಮರಾಜಯ್ಯ. ಸಣ್ಣ ಆಳು, ದೊಡ್ಡ ಕನ್ನಡಕ, ಸಿಟ್ಟು ಬಂದಾಗ ಕನ್ನಡಕ ತೆಗೆದು ಒರೆಸುವವರು. ಅಂದು ಸಭೆಯುದ್ದಕ್ಕೂ ಒರೆಸುತ್ತಲೇ ಇದ್ದರು.

"ಬೆಲೆ ಕಟ್ಟಿ, ಬೇಡ ಅನ್ನಲ್ಲ," ಎಂದರು ಚನ್ನವೀರಪ್ಪನವರು, ಕಾಲನ್ನು ಸ್ಟೂಲಿನ ಮೇಲೆ ನೀಡಿಕೊಂಡು. "ಆದ್ರೆ ಬದನೆಕಾಯಿಗೆ ಸರ್ಕಾರ ಬೆಲೆ ಕಟ್ಟಿದ ಮಾರನೇ ದಿನ ಸಂತೆಗೆ ಬದನೆಕಾಯೇ ಬರೋದಿಲ್ಲ. ಬರೆದಿಟ್ಕೊಳ್ಳಿ."

"ಬದನೆಕಾಯಿ ಬರದಿದ್ರೆ ಹೀರೇಕಾಯಿ ತಿಂತೀನಿ. ಸುಟ್ಟ ಕೈಗೆ ಬದಲಾಗಿ ಏನು ತಿನ್ನಲಿ, ಚನ್ನವೀರಪ್ಪನೋರೇ? ನಿಮ್ಮ ಒಂದು ಹೆಬ್ಬೆರಳಿಗೆ ಹನ್ನೊಂದು ಜನ!" ಎಂದರು ಡಾಕ್ಟರು.

"ಹೆಬ್ಬೆರಳು ನನ್ನದು, ದುಡ್ಡು ನನ್ನದು. ಹೊತ್ತವರು ನಗ್ತಾ ನಗ್ತಾ ಹೊತ್ತರು. ನೋವು ವಾಪಸು ಬರಲಿಲ್ಲ ಅಂದ್ರೆ ಅವರಿಗೆ ಒಪ್ಪಿಗೆ ಇತ್ತು ಅಂತ್ಲೇ ಅಲ್ವಾ?"

ಡಾಕ್ಟರು ಕಿಟಕಿಯಾಚೆ ಬೆರಳು ತೋರಿದರು. ಅಲ್ಲಿಂದ ಮೆಟ್ಟಿಲುಗಳ ಮೇಲೆ ಕುಳಿತ ಮೌಲಾಸಾಬ ಕಾಣುತ್ತಿದ್ದ. ಸಭೆ ಬೆಲೆಪಟ್ಟಿಯ ಪರವಾಗಿ ಕೈಯೆತ್ತಿತು. ನಾನೂ ಎತ್ತಿದೆ, ಇಂದಿಗೂ ಆ ಕೈಯ ಬಗ್ಗೆ ನನಗೆ ನಾಚಿಕೆಯಿಲ್ಲ. ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೂವತ್ತನಾಲ್ಕು ವರ್ಷ ಪುಸ್ತಕಗಳನ್ನು ವರ್ಗೀಕರಿಸಿದವನು ನೋವುಗಳನ್ನೂ ವರ್ಗೀಕರಿಸಬಲ್ಲನೆಂದು ಡಾಕ್ಟರು ಭಾವಿಸಿದರು. ನಾನೂ ಹಾಗೆಯೇ ಭಾವಿಸಿದೆ.

ಒಂದು ವಾರ ನಾನು ಬಹಳ ಸಂತೋಷದಿಂದ ಇದ್ದೆ. ಸುಡುವುದು, ಇರಿಯುವುದು, ಹಿಂಡುವುದು, ಜಗ್ಗುವುದು, ಮಿಡಿಯುವುದು, ಕೊರೆಯುವುದು, ಮೂವತ್ತೊಂದು ವರ್ಗಗಳಾದವು. ಒಂದೊಂದು ಪದವನ್ನೂ ನಾಲಗೆಯ ಮೇಲಿಟ್ಟು ತೂಗಿದೆ. ಬೆಲೆಗೆ ಸೂತ್ರ ಸರಳವಾಗಿತ್ತು: ಕಳೆದ ಒಂದು ವರ್ಷದಲ್ಲಿ ಊರಿನಲ್ಲಿ ಆಯಾ ನೋವಿಗೆ ಕುದುರಿದ ಬೆಲೆಗಳ ಸರಾಸರಿ. ಹಲ್ಲುನೋವಿಗೆ ಆರುನೂರು ಉದಾಹರಣೆಗಳು ಸಿಕ್ಕವು. ಹದಿನಾಲ್ಕನೆಯ ವರ್ಗವಾದ 'ಮುಖದ ಮಿಂಚು' ಊರಿಗೆಲ್ಲ ಒಬ್ಬಳಿಗೇ ಇತ್ತು; ಅದರ ಬೆಲೆ ನನಗೆ ಕಂಠಪಾಠವಾಗಿತ್ತು. ನಾಲ್ಕು ರೂಪಾಯಿ ಎಂದು ಬರೆದೆ. ಉಳುಕಿದ ಪಾದಕ್ಕಿಂತ ಎಂಟಾಣೆ ಕಡಿಮೆ. ಕೆಳಗೆ ಒಂದು ಸಾಲು ಸೇರಿಸಿದೆ: 'ನಿಗದಿತ ಬೆಲೆಯ ವಿಷಯದಲ್ಲಿ ಉಭಯರೂ ಚೌಕಾಸಿ ಮಾಡತಕ್ಕದ್ದಲ್ಲ.' ಅದರ ಲಯ ನನಗೆ ಹಿಡಿಸಿತ್ತು.

ಮೊದಲ ವಾರ ಊರು ಹಬ್ಬದಂತಿತ್ತು. ಉಗ್ರಾಣದೊಳಗೆ ಕೌಂಟರು ತೆರೆದರು, ಬೆಂಚು ಹಾಕಿದರು, ಚೀಟಿ ಕೊಟ್ಟರು. ಮೌಲಾಸಾಬ ಮೂರನೆಯ ವರ್ಗದ ಚೀಟಿ ಹಿಡಿದು ಒಳಗೆ ಹೋದವನು ಕಾಲು ಗಂಟೆಯಲ್ಲಿ ಹೊರಬಂದು, ಮೆಟ್ಟಿಲ ಮೇಲೆಯೇ ಮಲಗಿ ಸಂಜೆಯವರೆಗೆ ನಿದ್ರಿಸಿದ. ಅವನನ್ನು ಯಾರೂ ಎಬ್ಬಿಸಲಿಲ್ಲ. ಹೂವಿನವಳು ಬಿಸಿಲು ಬೀಳದಂತೆ ತನ್ನ ಕೊಡೆಯನ್ನು ಓರೆಯಾಗಿ ನೆಟ್ಟು ಹೋದಳು. ಪಟ್ಟಿಯನ್ನು ಬರೆದವನು ನಾನೆಂಬ ಹೆಮ್ಮೆಯಿಂದ ಆ ದಾರಿಯಲ್ಲಿ ಎರಡು ಸಲ ಹಾದುಹೋದೆ.

ಎರಡನೆಯ ವಾರದಿಂದ ನೋವುಗಳು ಹಿಂದಿರುಗಲಾರಂಭಿಸಿದವು. ಹೊಳೆ ದಾಟುತ್ತಿದ್ದ ದೋಣಿಯಲ್ಲಿ ನಡುನೀರಿಗೆ ಬಂದಾಗ ಯಾರಾದರೊಬ್ಬರು "ಅಯ್ಯೋ, ಬಂತು" ಎಂದು ಸೊಂಟ ಹಿಡಿದುಕೊಳ್ಳುವರು. ಅಂಬಿಗ ಏನೂ ಕೇಳದೆ ದೋಣಿ ತಿರುಗಿಸುವನು. ಹೊರುವವರಿಗೆ ಒಂದು ಹೊಸ ಜಾಣತನವೂ ಬಂದಿತ್ತು. ಬೆಲೆ ಹೇಗೂ ಗೊತ್ತಿರುವಾಗ ಅವರು ಹಗುರವಾದ ಹಲ್ಲುನೋವುಗಳನ್ನು ಆರಿಸಿಕೊಂಡು ಎದ್ದುಹೋಗುತ್ತಿದ್ದರು. ಕೌಂಟರಿನ ಗುಮಾಸ್ತ 'ಹಿಂದಿರುಗಿದ ನೋವುಗಳು' ಎಂಬ ಹೊಸ ರಿಜಿಸ್ಟರು ತೆರೆದ. ಆದರೂ ಸುಟ್ಟ ಕೈಗಳು, ಮುರಿದ ಬೆರಳುಗಳು, ಮೊದಲು ಮೆಟ್ಟಿಲು ಹತ್ತಲೂ ಹೆದರುತ್ತಿದ್ದ ಎಷ್ಟೋ ಮಂದಿಯ ನೋವುಗಳು ದಾಟುತ್ತಲೂ ಇದ್ದವು. ಪಟ್ಟಿ ಸುಳ್ಳಾಗಿರಲಿಲ್ಲ. ಅದು ಪೂರ್ತಿ ನಿಜವೂ ಆಗಿರಲಿಲ್ಲ, ಅಷ್ಟೇ.

ಹದಿನಾಲ್ಕನೆಯ ವರ್ಗವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅಂಬುಜೆ ಬುಧವಾರ ಬುಧವಾರ ಸೆರಗು ಸುತ್ತಿಕೊಂಡು ಬೆಂಚಿನ ಮೇಲೆ ಕುಳಿತು ಬರುತ್ತಿದ್ದಳು. ಅವಳ ಚೀಟಿಯ ಸಂಖ್ಯೆ ಕೂಗಿದಾಗ ಹೊರುವವರು ಮೇಲಿನ ಹೆಂಚು ಎಣಿಸುತ್ತಿದ್ದರು. ಕೆಂಚಮ್ಮ ಆ ಕಡೆಗೆ ತಲೆಹಾಕಿರಲೇ ಇಲ್ಲ. ಐದು ವಾರ ಕಳೆದವು. ಅಂಬುಜೆ ಗಂಜಿಯ ಮೇಲೆ ಬದುಕಿದ್ದಳು. ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಆರನೆಯ ವಾರ ಅವಳು ಕೌಂಟರಿಗೆ ಹೋಗಲಿಲ್ಲ. ಸ್ಲೇಟಿನ ಮೇಲೆ ಬರೆದಳು: 'ಅಲ್ಲಿ ಫ್ಯಾನು ಹಾಕಿದ್ದಾರೆ.'

ನಾನು ಕೆಂಚಮ್ಮನನ್ನು ಹುಡುಕಿಕೊಂಡು ಹೋದೆ. ಅವಳು ದೋಣಿಗಟ್ಟೆಯಲ್ಲಿ ಗೋಣಿತಾಟು ಹಾಸಿ ಬದನೆಕಾಯಿ ಮಾರುತ್ತಿದ್ದಳು.

"ಬನ್ನಿ ರಾಯರೇ," ಎಂದಳು. "ಬದನೆಕಾಯಿಗಿನ್ನೂ ಪಟ್ಟಿ ಬಂದಿಲ್ಲ. ಎಷ್ಟಕ್ಕೆ ಕೇಳ್ತೀರಿ, ಕೇಳಿ."

"ಕೆಂಚಮ್ಮ, ನಾಲ್ಕು ರೂಪಾಯಿಗೆ ಒಂಬತ್ತು ವರ್ಷ ಹೊತ್ತೆಯಲ್ಲ. ಈಗಲೂ ಅದೇ ನಾಲ್ಕು ರೂಪಾಯಿ. ಏನು ತಪ್ಪಾಯಿತು?"

ಅವಳು ನನ್ನನ್ನು ನೋಡಿದ ನೋಟದಲ್ಲಿ ಕೋಪಕ್ಕಿಂತ ಕುತೂಹಲ ಹೆಚ್ಚಾಗಿತ್ತು.

"ನಾಲ್ಕು ರೂಪಾಯಿಗೆ ಯಾರು ಹೊತ್ತರು? ದುಡ್ಡು ಇಸ್ಕೊಂಡ್ಮೇಲೆ ನಾನೇನು ಎದ್ದು ಬೀದಿಗೆ ಹೋಗ್ತಿದ್ನಾ? ನಿಮ್ಮ ಅಡಿಗೆಮನೇಲಿ ಮಲಗ್ತಿದ್ದೆ. ಅಮ್ಮಾರು ಗಂಜಿ ಮಾಡಿ ಬಟ್ಟೇಲಿ ಸೋಸಿ ಚಮಚದಾಗೆ ಕುಡಿಸೋರು. ಮಧ್ಯಾಹ್ನದ ಮೇಲೆ ಹೊಳೆ ಕಡೆಯಿಂದ ಗಾಳಿ ಬೀಸ್ತದಲ್ಲ, ಆ ಹೊತ್ತಿಗೆ ಬಂದು ಗಾಳಿಗೆ ಅಡ್ಡ ಕುಂತ್ಕೊಳ್ಳೋರು. ಅವರ ಬೆನ್ನಿಗೆ ಗಾಳಿ, ನನ್ನ ಕೆನ್ನೆಗೆ ನೆರಳು. ಹಾಡು ಹೇಳೋರು. ಗಾಳಿ ನಿಲ್ಲೋ ತನಕ ಎದ್ದೋರಲ್ಲ. ನೀವು ಬರೋ ಮೊದ್ಲು ನಾನು ಹಿತ್ತಿಲಿಂದ ಹೋಗಿಬಿಡ್ತಿದ್ದೆ. ಅಷ್ಟೂ ಸೇರಿ ಬೆಲೆ, ರಾಯರೇ. ನಿಮ್ಮ ಪಟ್ಟಿಯಾಗೆ ಗಾಳಿಗೆ ಅಡ್ಡ ಕೂರೋದಕ್ಕೆ ಎಷ್ಟು ಹಾಕಿದ್ದೀರಿ?"

ನಾನು ಒಂದು ಬದನೆಕಾಯಿ ಎತ್ತಿಕೊಂಡು ಮತ್ತೆ ಅಲ್ಲಿಯೇ ಇಟ್ಟೆ.

"ಮುಕ್ಕಾಲು ಗಂಟೆ ಅದನ್ನೇ ಮಾತಾಡ್ಕೊಳ್ತಿದ್ವಿ," ಎಂದಳು. "ಇವತ್ತು ಯಾವ ಗಂಜಿ, ಯಾವ ಹಾಡು, ಎಷ್ಟು ಹೊತ್ತು ಅಂತ. ನೀವು ಒಂದಿನ ಬಂದು ಕೇಳಿದ್ರಾ?"

ಮನೆಗೆ ಬಂದವನು ಅಂಬುಜೆಯ ಎದುರು ಕುಳಿತು ಅವಳ ಮಣಿಕಟ್ಟನ್ನು ಹಿಡಿದೆ. "ಕೊಡು," ಎಂದೆ. ಅವಳು ನಕ್ಕಂತೆ ಕಂಡಿತು, ಆದರೆ ನಗು ಕೆನ್ನೆಯವರೆಗೆ ಬರಲು ಹೆದರಿತು. ಮೆಲ್ಲಗೆ "ತಗೊಳ್ಳಿ" ಎಂದಳು. ಏನೂ ಆಗಲಿಲ್ಲ. ಒಂದೇ ಒಲೆಯವರ ನಡುವೆ ನೋವು ದಾಟುವುದಿಲ್ಲವೆಂದು ಊರಿಗೆಲ್ಲ ಗೊತ್ತು; ಬೆಲೆಯೆಂದು ಕೊಡಲು ಒಬ್ಬರದಲ್ಲದ್ದು ಇನ್ನೊಬ್ಬರಲ್ಲಿ ಏನಿರುತ್ತದೆ? ಅಂಬುಜೆ ಸ್ಲೇಟು ಎತ್ತಿಕೊಂಡಳು: 'ಪುಕ್ಕಟೆ ಬರಲು ಅದಕ್ಕೂ ಮರ್ಯಾದೆಯಿದೆ. ಬೆಲೆ ಹೇಳಿ.'

ಅವಳಲ್ಲಿ ಮಾತ್ರ ಇದ್ದು ನನಗೆ ಬೇಕಾದದ್ದು ಒಂದಿತ್ತು. ನಿವೃತ್ತನಾದ ವರ್ಷ, ಅಂದರೆ ಎಂಟು ವರ್ಷಗಳ ಹಿಂದೆ, ನನ್ನ ಕವಿತೆಗಳ ತೆಳ್ಳನೆಯ ಸಂಕಲನವೊಂದು ಅಚ್ಚಾಗಿತ್ತು. ಮುನ್ನೂರು ಪ್ರತಿಗಳಲ್ಲಿ ಇನ್ನೂರನಲವತ್ತು ನಮ್ಮ ಮಂಚದ ಕೆಳಗೆ ವಿಶ್ರಾಂತಿ ಪಡೆಯುತ್ತಿದ್ದವು. ಅಂಬುಜೆ ಅದನ್ನು ಓದಿದ್ದಳೆಂದು ನನಗೆ ಗೊತ್ತಿತ್ತು. ಏನನ್ನಿಸಿತೆಂದು ಅವಳು ಎಂದೂ ಹೇಳಿರಲಿಲ್ಲ.

"ನನ್ನ ಪುಸ್ತಕದ ಬಗ್ಗೆ ನಿನ್ನ ಅಭಿಪ್ರಾಯ," ಎಂದೆ.

ಅವಳು ಬೆಚ್ಚಿದಳು. ಬರೆದಳು: 'ಜಾಸ್ತಿಯಾಯಿತು. ನೋವೇ ಇರಲಿ.'

"ಒಂದು ಕವಿತೆಯ ಬಗ್ಗೆಯಾದರೂ."

'ನೀವು ಉಪ್ಪಿನಕಾಯಿ ಭರಣಿಗೆ ಚೀಟಿ ಅಂಟಿಸಿದ್ದಿರಿ. "ಹಳೆಯದು, ಮೊದಲು ಇದನ್ನು ಮುಗಿಸಿ." ಅದು ಚೆನ್ನಾಗಿತ್ತು.'

"ಅದು ಪುಸ್ತಕದಲ್ಲಿಲ್ಲ."

'ಅದಕ್ಕೇ ಚೆನ್ನಾಗಿತ್ತು.'

ನಾನು ಬೇಸರಗೊಂಡಂತೆ ನಟಿಸಿ ಎದ್ದು ಹೊರಟೆ. ಬಾಗಿಲವರೆಗೆ ಹೋಗಿ ಹಿಂದಿರುಗಿದೆ. ಚೌಕಾಸಿಯಲ್ಲಿ ಹಾಗೆ ಮಾಡಬೇಕೆಂದು ಮೆಟ್ಟಿಲುಗಳ ಬಳಿ ನೋಡಿ ಗೊತ್ತಿತ್ತು. ಅವಳು ಸ್ಲೇಟು ಒರೆಸಿ ಕಣ್ಣು ಮುಚ್ಚಿ ಕುಳಿತಿದ್ದಳು. ಆಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರ ಗುಂಡಗೆ ಬರೆದು ನನ್ನತ್ತ ತಿರುಗಿಸಿದಳು.

'ಮೂರನೆಯ ಪುಟದ ಕವಿತೆ ಸುಳ್ಳು. ನನ್ನ ಮೌನ ಸರೋವರ ಎಂದಿದ್ದೀರಿ. ಅದು ಹಲ್ಲು ಕಚ್ಚಿಕೊಂಡದ್ದು.'

ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು. ನಾನು ಆ ಮೂರು ಸಾಲನ್ನು ಎರಡು ಸಲ ಓದಿದೆ. ಆ ಕವಿತೆಯನ್ನು ಓದಿದವರೆಲ್ಲ ಮೆಚ್ಚಿದ್ದರು, ನಾನೂ ಮೆಚ್ಚಿದ್ದೆ. ಕೊಟ್ಟ ಬೆಲೆ ನ್ಯಾಯವಾಗಿತ್ತು. "ಒಪ್ಪಿದೆ," ಎಂದೆ. ಅವಳ ಮಣಿಕಟ್ಟು ಹಿಡಿದೆ. "ಕೊಡು."

"ತಗೊಳ್ಳಿ."

ಅದು ಹೇಗಿತ್ತೆಂದು ಹೇಳಲು ನನ್ನ ಮೂವತ್ತೊಂದು ವರ್ಗಗಳ ಪದಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಕಿವಿಯ ಬುಡದಿಂದ ಬಿಳಿಯ ತಂತಿಯೊಂದನ್ನು ಯಾರೋ ಎಳೆದರು. ನಾನು ಕೂಗಬೇಕೆಂದು ಬಾಯಿ ತೆರೆದೆ; ತೆರೆದದ್ದಕ್ಕೇ ಇನ್ನೊಂದು ಹೊಡೆಯಿತು. ಆಗ ತಿಳಿಯಿತು, ಈ ನೋವು ಹೊತ್ತವರು ಏಕೆ ಕೂಗುವುದಿಲ್ಲವೆಂದು. ಎದುರಿಗೆ ಅಂಬುಜೆ ಮೊದಲು ಎಡಗೆನ್ನೆಯನ್ನು ಒಂದು ಬೆರಳಿಂದ ಮುಟ್ಟಿ ನೋಡಿಕೊಂಡಳು. ಆಮೇಲೆ ಎರಡು ಬೆರಳು. ಎದ್ದು ಹೋಗಿ ಡಬ್ಬಿಯಿಂದ ಚಕ್ಕುಲಿ ತಂದು ನನ್ನೆದುರೇ ಕಟಕಟನೆ ಕಡಿದು ತಿಂದಳು. ನನ್ನ ಮುಖ ನೋಡಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ರೀ, ಬಾಯಿ ಮುಚ್ಚಿ, ಗಾಳಿ ಹೋಗುತ್ತೆ," ಎಂದಳು. ಆರು ವಾರಗಳ ಮೇಲೆ ಕೇಳಿದ ಅವಳ ತುಂಬುದನಿ. ಬಂದು ನನ್ನ ಮತ್ತು ಕಿಟಕಿಯ ನಡುವೆ ಕುಳಿತಳು.

ಅದು ಮಂಗಳವಾರ ಮಧ್ಯಾಹ್ನ ಹನ್ನೆರಡು. ನಾಲ್ಕು ಗಂಟೆಗೆ ಪುರಸಭೆಯಲ್ಲಿ ಬೆಲೆಪಟ್ಟಿಯ ಸಭೆಯಿತ್ತು. ನಾನು ಮಣಿಕಟ್ಟಿಗೆ ಕೆಂಪು ದಾರ ಕಟ್ಟಿ, ಅಂಬುಜೆಯ ಶಾಲನ್ನು ಮುಖಕ್ಕೆ ಸುತ್ತಿ, ಸ್ಲೇಟು ಹಿಡಿದು ಹೋದೆ. ಚನ್ನವೀರಪ್ಪನವರು ನೋಡಿದೊಡನೆ ಕೈಮುಗಿದರು.

"ಏನು ರಾಯರೇ, ಹೊರುವವರ ಕಡೆ ಸೇರಿಬಿಟ್ರಾ? ಎಷ್ಟಕ್ಕೆ ಕುದುರಿತು?"

ನಾನು ಬರೆದು ತೋರಿಸಿದೆ: 'ಹದಿನಾಲ್ಕನೆಯ ವರ್ಗದ ಬೆಲೆ ತಪ್ಪು. ತಪ್ಪು ನನ್ನದು.' ಒರೆಸಿದೆ. 'ಕೊನೆಯ ಅಂಕಿ ಮಾತ್ರ ಲೆಕ್ಕ ಹಿಡಿದೆ. ಅದಕ್ಕೆ ಮುಂಚಿನ ಮುಕ್ಕಾಲು ಗಂಟೆಯನ್ನು ಬಿಟ್ಟೆ.' ಒರೆಸಿದೆ. 'ಚೌಕಾಸಿ ಕೂಡದೆಂಬ ಸಾಲನ್ನು ತೆಗೆಯಿರಿ.'

"ನೋಡಿ, ನಾನು ಹೇಳ್ಲಿಲ್ವಾ?" ಎಂದು ಚನ್ನವೀರಪ್ಪನವರು ಮೇಜು ಕುಟ್ಟಿದರು. "ಪಟ್ಟಿಯನ್ನೇ ತೆಗೀರಿ. ಬೆಲೆ ಅನ್ನೋದು ಇಬ್ಬರ ನಡುವಿನದು. ಮಧ್ಯ ಸರ್ಕಾರಕ್ಕೇನು ಕೆಲಸ?"

ಹಿಂದಿನ ಬೆಂಚಿನಿಂದ ಮೌಲಾಸಾಬ ಎದ್ದು ನಿಂತ. ಅವನ ಮುಂಗೈ ಮೇಲೆ ಹೊಸ ಚರ್ಮ ನಸುಗೆಂಪಾಗಿ ಹೊಳೆಯುತ್ತಿತ್ತು.

"ಸಾಹೇಬ್ರೇ, ಮೂರು ದಿನ ಮೆಟ್ಟಿಲ ಮೇಲೆ ಕೂತಿದ್ದೋನು ನಾನು, ನೀವಲ್ಲ. ಮಾತಾಡೋಕೂ ಕೈಯಾಗೆ ಏನಾದ್ರೂ ಇರಬೇಕು. ಬರಿಗೈಯೋನು ಏನಂತ ಚೌಕಾಸಿ ಮಾಡ್ತಾನೆ? ಪಟ್ಟಿ ತೆಗೀಬೇಡಿ."

ಡಾಕ್ಟರು ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ. ನನ್ನತ್ತ ನೋಡಿದರು, ಮೌಲಾಸಾಬನತ್ತ ನೋಡಿದರು. "ಇಬ್ಬರೂ ನಿಜ ಹೇಳ್ತಿದ್ದೀರಿ, ಅದೇ ನನ್ನ ಕಷ್ಟ," ಎಂದರು. ಕೊನೆಗೆ ಅವರು ಬರೆಸಿದ್ದು ಇಷ್ಟು: ಬೆಲೆಪಟ್ಟಿ ಇರತಕ್ಕದ್ದು, ಕೊಡಲು ಶಕ್ತಿಯಿಲ್ಲದವರ ಪರವಾಗಿ ಪಟ್ಟಿಯ ಬೆಲೆಯನ್ನು ಪುರಸಭೆ ಕೊಡತಕ್ಕದ್ದು, ಯಾವನೊಬ್ಬನೂ ಒಂದು ದಿನಕ್ಕೆ ಇಬ್ಬರಿಗಿಂತ ಹೆಚ್ಚು ಹೊರುವವರನ್ನು ಗೊತ್ತುಮಾಡಿಕೊಳ್ಳತಕ್ಕದ್ದಲ್ಲ, ಉಳಿದಂತೆ ಇಬ್ಬರೂ ಬಯಸಿದಲ್ಲಿ ಮಾತಾಡಿಕೊಳ್ಳಬಹುದು. ಚನ್ನವೀರಪ್ಪನವರು 'ಇಬ್ಬರಿಗಿಂತ' ಎಂಬುದನ್ನು 'ಐವರಿಗಿಂತ' ಮಾಡಬೇಕೆಂದರು. ಅರ್ಧ ಗಂಟೆಯ ಎಳೆದಾಟದ ಮೇಲೆ ಮೂವರಿಗೆ ನಿಂತಿತು. ಇದೂ ಎಷ್ಟು ದಿನ ನಿಲ್ಲುವುದೋ, ಯಾರ ನೋವು ಎಲ್ಲಿಂದ ಹಿಂದಿರುಗುವುದೋ, ಯಾರಿಗೂ ಗೊತ್ತಿರಲಿಲ್ಲ. ಕೈಯೆತ್ತುವಾಗ ನನ್ನ ಶಾಲು ಜಾರಿತು. ತೆರೆದ ಕಿಟಕಿಯಿಂದ ಗಾಳಿ ಬಂತು. ಸಭೆಯ ಮುಕ್ತಾಯದ ಭಾಷಣ ನನಗೆ ಕೇಳಿಸಲಿಲ್ಲ.

ಮರುದಿನ ಬುಧವಾರ. ಹನ್ನೆರಡಕ್ಕೆ ಮಿಂಚು ಅಂಬುಜೆಯ ಕೆನ್ನೆಗೆ ಹಿಂದಿರುಗುವುದಿತ್ತು. ಹತ್ತೂವರೆಗೆ ಹಿತ್ತಿಲ ಬಾಗಿಲಲ್ಲಿ ಬಳೆಯ ಸದ್ದಾಯಿತು. ಕೆಂಚಮ್ಮ ಕುಕ್ಕರುಗಾಲಿನಲ್ಲಿ ಕುಳಿತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಮ್ಮಾರೇ, ಇವರ ಮುಖ ನೋಡಿ! ಒಂದೇ ದಿನಕ್ಕೆ ಒಣಗಿದ ಬದನೆಕಾಯಾಗೈತೆ."

"ನಗಬೇಡ ಕೆಂಚಮ್ಮ, ನಾನು ನಿನ್ನೆಯೇ ಸಾಕಷ್ಟು ನಕ್ಕಿದ್ದೇನೆ," ಎಂದಳು ಅಂಬುಜೆ, ಬಾಗಿಲಿಗೆ ಒರಗಿ ನಿಂತು. "ಈಗ ಅದು ಅವರ ಹತ್ತಿರ ಇದೆ. ಹನ್ನೆರಡರೊಳಗೆ ತಗೊಂಡರೆ ನನ್ನ ಹತ್ತಿರ ಬರೋದಿಲ್ಲ. ಮಾತು ಅವರ ಜೊತೆಗೇ ಆಡು."

ನಾನು ಸ್ಲೇಟು ಎತ್ತಿಕೊಂಡೆ. ಕೆಂಚಮ್ಮ ಅದನ್ನು ನನ್ನ ಕೈಯಿಂದ ತೆಗೆದು ಗೋಡೆಗೆ ಆನಿಸಿಟ್ಟಳು.

"ಅಮ್ಮಾರು ಬರೆದ್ರೆ ನಾನು ಓದ್ತಿದ್ದೆ. ಒಂಬತ್ತು ವರ್ಷ ಹೊತ್ತ ಮೈ ಅವರದು. ನೀವು ಒಂದು ದಿನದೋರು, ಬಾಯಲ್ಲಿ ಹೇಳಿ." ಮಂಡಿಯ ಮೇಲೆ ಕೈಯಿಟ್ಟುಕೊಂಡು ಬೆಲೆ ಹೇಳಿದಳು. "ಹತ್ತು ರೂಪಾಯಿ. ರಾಗಿ ಗಂಜಿ, ಎರಡು ಸಲ ಸೋಸಿ. ನಾಳೆ ಈ ಹೊತ್ತಿನ ತನಕ ಗಾಳಿಗೆ ಅಡ್ಡ ಕೂರೋದು ನೀವು, ಅಮ್ಮಾರಲ್ಲ. ಅವರು ಇವತ್ತು ಪೇಟೆಗೆ ಹೋಗಿ ತಿರುಗಿ ಬರಲಿ. ಗಂಡಸಿನ ಮೈಯಾಗೆ ಒಂದು ದಿನ ಇದ್ದು ಬಂದಿರೋ ನೋವು, ಸೊಕ್ಕಿರ್ತದೆ. ಅದಕ್ಕೆ ಮೇಲೊಂದು ರೂಪಾಯಿ."

ನಾನು ಆತುರದಿಂದ ತಲೆಯಾಡಿಸಿ ಮಣಿಕಟ್ಟನ್ನು ಮುಂದೆ ಚಾಚಿದೆ. ಹನ್ನೊಂದಲ್ಲ, ಇಪ್ಪತ್ತೊಂದು ಕೇಳಿದ್ದರೂ ಚಾಚುತ್ತಿದ್ದೆ.

ಕೆಂಚಮ್ಮ ಕೈ ಹಿಂದಕ್ಕೆಳೆದುಕೊಂಡಳು. ಅವಳ ಮುಖದಲ್ಲಿ ಮೊದಲ ಸಲ 'ಅಯ್ಯೋ ಪಾಪ' ಎಂಬಂಥದೇನೋ ಸುಳಿಯಿತು.

"ಇಷ್ಟು ಬೇಗ ಒಪ್ಪಿದ್ರೆ ಹೆದರಿ ಒಪ್ಪಿದಂಗೆ ಆಗ್ತದೆ, ರಾಯರೇ. ಸಂಜೆಗೆ ಹೊಟ್ಟೆ ಉರೀತದೆ, ನೋವು ವಾಪಸು ಬರ್ತದೆ. ಅದು ಅಮ್ಮಾರ ಕೆನ್ನೆಗೇ ಹೋಗೋದು. ಸ್ವಲ್ಪ ಜಗಳ ಆಡಿ."

ನಾನು ಅಂಬುಜೆಯತ್ತ ನೋಡಿದೆ. ಅವಳು ಪೇಟೆಗೆ ಹೊರಡಲು ಆಗಲೇ ಚೀಲ ತೆಗೆದುಕೊಂಡಿದ್ದಳು. ಕೆನ್ನೆಯ ಮೇಲೆ ಸೆರಗಿರಲಿಲ್ಲ. ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು. ಬಾಯಿ ತೆರೆದರೆ ಏನಾಗುವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೋಡೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಕಣ್ಣು ಮುಚ್ಚಿ, ಬಾಯಿ ತೆರೆದೆ.

"ಜಾಸ್ತಿಯಾಯಿತು," ಎಂದೆ.